ಅಂಪೋಫೋ ಮೇಷ್ಟ್ರು ರಸ್ತೆ ದಾಟಿದ್ದು

ಓಡುವುದಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಚಡ್ಡಿ ಎಂದು ಅಂಪೋಫೋ ಮೇಷ್ಟ್ರು ನಂಬಿದ್ದರು. ನಾನು ದರ್ಜಿ, ನನ್ನ ನಂಬಿಕೆಯೂ ಅದೇ. ಆ ವರ್ಷ ಅವರು ನನ್ನ ಹತ್ತಿರ ಒಂದರ ಹಿಂದೆ ಒಂದು ಚಡ್ಡಿ ಹೊಲಿಸಿದರು. ಮೊದಲನೆಯದನ್ನು ತೊಟ್ಟು ನಾಲ್ಕು ದಿನ ಓಡಿದರು. ಎರಡನೆಯದನ್ನು ತೊಟ್ಟು ಸರ್ಕಲ್ಲಿನ ತನಕ ಓಡಿ, ಟ್ಯಾಕ್ಸಿ ಹತ್ತಿ ವಾಪಸು ಬಂದರು. ಮೂರನೆಯದಕ್ಕೆ ಅಳತೆ ಕೊಡಲು ಬಂದಾಗ ಸೊಂಟ ನಲವತ್ತನಾಲ್ಕು ಇಂಚಿಗೆ ಏರಿತ್ತು. ನಾನು ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಮುಖದಲ್ಲಿ ಏನೂ ತೋರಿಸದೆ ನಿಂತೆ. ಕುಮಾಸಿ ಪಟ್ಟಣದ ಈ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಯಾರ ಸೊಂಟ ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ಬಾಯಿ ಬಿಟ್ಟರೆ ಅರ್ಧ ಓಣಿ ನನ್ನ ಜೊತೆ ಮಾತು ಬಿಡುತ್ತದೆ.

“ಬೋಟ್ವೆ, ಈ ಸಲ ಬಿಡಲ್ಲ,” ಎಂದರು ಮೇಷ್ಟ್ರು.

“ಬಿಡಬೇಡಿ ಮೇಷ್ಟ್ರೇ. ಜೇಬು ಇಡಲಾ?”

“ಓಡೋ ಚಡ್ಡಿಗೆ ಜೇಬು ಯಾಕೆ?”

“ವಾಪಸು ಬರೋ ಟ್ಯಾಕ್ಸಿಗೆ.”

ಅವರು ಅತ್ತಿತ್ತ ನೋಡಿ, “ಸಣ್ಣದಾಗಿ ಇಡು,” ಎಂದರು.

ಮೇಷ್ಟ್ರು ಮೊದಲಿನಿಂದ ಹೀಗಿರಲಿಲ್ಲ. ಓದುವಾಗ ಜಿಲ್ಲೆಗೇ ಎರಡನೆಯವರಾಗಿ ಓಡಿದವರು. ಆಮೇಲೆ ತಾವು ಓದಿದ ಶಾಲೆಯಲ್ಲೇ ಗಣಿತದ ಮೇಷ್ಟ್ರಾದರು. ಅಲ್ಲಿ ಮಕ್ಕಳು ಹೆಚ್ಚು, ಕೋಣೆ ಕಡಿಮೆ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಎರಡೂ ಪಾಳಿಯ ವೇಳಾಪಟ್ಟಿ ಮಾಡುವ ಕೆಲಸ ಹನ್ನೊಂದು ವರ್ಷ ಇವರ ಕೊರಳಿಗೇ ಬಿದ್ದಿತ್ತು. ಒಂದು ಮಂಗಳವಾರ ಪ್ರಾರ್ಥನೆ ಮುಗಿದ ಮೇಲೆ, “ಇವತ್ತಿನಿಂದ ಯಾರಿಗೆ ಯಾವ ಪಾಠ ಬೇಕೋ ಆ ಕೋಣೆಗೆ ಹೋಗಿ, ಯಾವುದೂ ಬೇಡದವರು ಮನೆಗೆ ಹೋಗಿ,” ಎಂದು ಸಾವಿರ ಮಕ್ಕಳ ಮುಂದೆ ಘೋಷಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಶಾಲೆಯಲ್ಲಿ ಇದುವರೆಗೆ ಆದ ಭಾಷಣಗಳಲ್ಲಿ ಅದೇ ಶ್ರೇಷ್ಠ ಎಂದು ಮಕ್ಕಳು ಇವತ್ತಿಗೂ ಹೇಳುತ್ತಾರೆ. ಡಾಕ್ಟರು, “ಎಣ್ಣೆ ಮುಗಿದ ಮೇಲೂ ಬತ್ತಿ ಉರಿಸಿದೀರಿ,” ಎಂದು ಬೈದು ನಾಲ್ಕು ತಿಂಗಳ ರಜೆ ಬರೆದುಕೊಟ್ಟರು. ದಿನಾ ಓಡಬೇಕು, ಸೊಪ್ಪು ತರಕಾರಿ ತಿನ್ನಬೇಕು, ಫುಫು ಮುದ್ದೆಯನ್ನೂ ಜಿಡ್ಡಿನ ಸಾರನ್ನೂ ಕಡಿಮೆ ಮಾಡಬೇಕು.

ಹೇಳುವುದು ಸುಲಭ. ಮೇಷ್ಟ್ರ ಹೆಂಡತಿ ನರ್ಸು, ಕೆಲಸ ದೂರದ ತಮಾಲೆಯಲ್ಲಿ, ಎರಡು ತಿಂಗಳಿಗೊಮ್ಮೆ ಬಂದು ಹೋಗುವವರು. ಹಾಗಾಗಿ ಮೇಷ್ಟ್ರ ಊಟವೆಲ್ಲ ಅವರ ಅಕ್ಕ ಸೆರ್ವಾ ನಡೆಸುವ ಊಟದ ಚಪ್ಪರದಲ್ಲಿ. ಅದು ನನ್ನ ಅಂಗಡಿಯ ಎದುರಿಗೇ, ರಸ್ತೆಯ ಆಚೆ ಬದಿ. ಒಂಬತ್ತು ಗಂಟೆಗೆ ಅಲ್ಲಿ ಮರಗೆಣಸು, ಬಾಳೆಕಾಯಿ ಕುಟ್ಟುವ ಒನಕೆಯ ಸದ್ದು ಎದ್ದರೆ ನನ್ನ ಹೊಲಿಗೆ ಯಂತ್ರವೂ ಅದಕ್ಕೆ ತಾಳ ಹಾಕುತ್ತದೆ. ಹನ್ನೊಂದರ ಹೊತ್ತಿಗೆ ಟ್ಯಾಕ್ಸಿಯವರೆಲ್ಲ ಕೈ ತೊಳೆದು ಕೂತಿರುತ್ತಾರೆ. ಸೆರ್ವಾ ದಪ್ಪನೆಯ ಹೆಂಗಸು, ದಪ್ಪ ಮಾತಿನವಳು. ಮೇಷ್ಟ್ರನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಅವಳಿಗೆ ಯಾರ ಮೇಲೆ ಎಷ್ಟು ಪ್ರೀತಿ ಎಂದು ತಿಳಿಯಬೇಕಾದರೆ ಅವರ ಬಟ್ಟಲಲ್ಲಿ ಬಿದ್ದ ಮುದ್ದೆಯನ್ನು ನೋಡಬೇಕು. ತಮ್ಮನ ಮುದ್ದೆಯನ್ನು ನೋಡಿದವರು ಉಳಿದವರ ಮುದ್ದೆಯನ್ನು ಮುದ್ದೆ ಎನ್ನುತ್ತಿರಲಿಲ್ಲ.

ಮೇಷ್ಟ್ರು ಹತ್ತಕ್ಕೆ ಎದ್ದು ಹನ್ನೊಂದಕ್ಕೆ ‘ಬೆಳಗಿನ ಓಟ’ ಶುರು ಮಾಡುತ್ತಿದ್ದರು. ಓಟದ ದಾರಿ ಚಪ್ಪರದ ಮುಂದೆಯೇ. ಅಕ್ಕ ಸೌಟು ಹಿಡಿದು ನಿಂತಿರುತ್ತಿದ್ದಳು. “ಬಾರೋ, ಬೆವರಿದೀಯ, ಒಂದು ತುತ್ತು ತಿಂದು ಹೋಗು.” ಅಲ್ಲಿಗೆ ಆ ದಿನದ ಓಟ ಸಮಾಪ್ತಿ. ಟ್ಯಾಕ್ಸಿಗೆ ಸೋತ ಒಂದು ದಿನ ಬಿಟ್ಟರೆ, ಎರಡು ಚಡ್ಡಿಗಳು ಸೋತದ್ದು ಹೀಗೆ.

ಮೂರನೆಯ ಚಡ್ಡಿ ತೊಟ್ಟ ದಿನ ಮೇಷ್ಟ್ರು ಒಂದು ಉಪಾಯ ಮಾಡಿದರು. ಚಪ್ಪರ ಇನ್ನೂ ನೂರು ಗಜ ಇರುವಾಗಲೇ ರಸ್ತೆ ದಾಟಿ, ನನ್ನ ಕಡೆಯ ಚರಂಡಿಯ ಅಂಚು ಹಿಡಿದು, ಮುಖ ತಿರುಗಿಸಿಕೊಂಡು ಓಡಿಹೋದರು. ಸಾರಿನ ವಾಸನೆಗೆ ಮನಸ್ಸು ಕರಗದಿರಲೆಂದು ಮೂಗನ್ನೂ ಹಿಡಿದುಕೊಂಡಿದ್ದರು. ಅವರ ಮಟ್ಟಿಗೆ ಅದು ಸಂಯಮ. ಓಣಿಯ ಮಟ್ಟಿಗೆ ಅದು ಸುದ್ದಿ.

ನನ್ನ ಪಕ್ಕದಲ್ಲಿ ಲಾಟರಿಯ ಗೂಡಂಗಡಿ ಇಟ್ಟುಕೊಂಡಿರುವ ಅಫ್ರಾಕೋಮಾ ಕತ್ತು ಹೊರಗೆ ಹಾಕಿದಳು.

“ಬೋಟ್ವೆ, ಮೇಷ್ಟ್ರು ಸ್ವಂತ ಅಕ್ಕನ ಸಾರಿಗೆ ಮೂಗು ಮುಚ್ಕೊಂಡ್ರು.”

“ಓಡ್ತಿದಾರೆ ಕಣಮ್ಮ.”

“ಓಡ್ತಿದಾರೆ ಸರಿ. ಯಾವುದನ್ನ ನೋಡಿ ಓಡ್ತಿದಾರೆ ಅಂತ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜನಕ್ಕೆ ಹೊರಗಿನವರ ಮಾಟ ತಾಗುವುದಿಲ್ಲ. ತಾಗಿದರೆ ತಾಯಿ ಕಡೆಯ ರಕ್ತದವರದ್ದೇ ತಾಗಬೇಕು, ಅದೂ ಊಟದ ಮೂಲಕ. ‘ಕಚ್ಚುವ ಹುಳ ಉಟ್ಟ ಬಟ್ಟೆಯೊಳಗೇ ಇರುತ್ತದೆ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ದರ್ಜಿಯಾಗಿ ನನಗೆ ಈ ಗಾದೆ ಹಿಡಿಸುವುದಿಲ್ಲ, ಆದರೆ ಗಾದೆ ನನ್ನ ಒಪ್ಪಿಗೆಗೆ ಕಾಯುತ್ತಿಲ್ಲ. ಆದ್ದರಿಂದ ನಮ್ಮಲ್ಲಿ ಜಗಳವಾಡಿದರೂ ಅಕ್ಕ ತಂಗಿಯರ ಮನೆಯ ಊಟ ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಮಾಟಗಾತಿ ಎಂದಂತೆಯೇ ಎಂದು ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷ ವೇಳಾಪಟ್ಟಿ ಮಾಡಿ ತಲೆ ಬರಿದಾದ ಮನುಷ್ಯನಿಗೆ ಮಾತ್ರ ಅದು ಮರೆತುಹೋಗಿತ್ತು.

ಐದನೆಯ ದಿನ ಸೆರ್ವಾ ತಡೆಯಲಾರದೆ ರಸ್ತೆಯ ನಡುವಿಗೇ ಬಂದು ನಿಂತಳು. ಚಪ್ಪರದಲ್ಲಿ ಇಪ್ಪತ್ತು ಜನ ಊಟಕ್ಕೆ ಕೂತಿದ್ದರು. ಮುಂದಿನ ಬೆಂಚಿನಲ್ಲಿ ಟ್ಯಾಕ್ಸಿ ಡ್ರೈವರ್ ಡಾಬೋ, ಊಟದಲ್ಲೂ ಮಾತಿನಲ್ಲೂ ಅವನದೇ ಮೊದಲ ಪಾಳಿ.

“ಏನೋ, ಐದು ದಿನ ಆಯ್ತು. ಬಾ, ಕೂತ್ಕೋ, ತಿನ್ನು.”

ಮೇಷ್ಟ್ರು ನಿಂತಲ್ಲೇ ಜಿಗಿಯುತ್ತಾ ಏದುಸಿರು ಬಿಡುತ್ತಾ ಹೇಳಿದರು: “ಬೇಡ ಅಕ್ಕ. ಇದನ್ನ ತಿಂದ್ರೆ ನಾನು ಉಳಿಯಲ್ಲ. ಡಾಕ್ಟರೇ ಹೇಳಿದಾರೆ.”

ಹೇಳಿ ಓಡಿಹೋದರು. ಒನಕೆಯ ಸದ್ದು ನಿಂತಿತು. ಡಾಬೋ ಬಾಯಿಯ ಹತ್ತಿರ ಒಯ್ದ ತುತ್ತನ್ನು ಮೆಲ್ಲಗೆ ಬಟ್ಟಲಿಗೆ ಇಳಿಸಿದ.

“ಡಾಕ್ಟರಿಗೇ ಗೊತ್ತಾಗಿದೆ ಅಂದ್ಮೇಲೆ ಇನ್ನೇನು,” ಎಂದಳು ಅಫ್ರಾಕೋಮಾ.

ಆ ವಾರ ಚಪ್ಪರದಲ್ಲಿ ಇಪ್ಪತ್ತು ಜನ ಹತ್ತಾದರು, ಹತ್ತು ನಾಲ್ಕಾದರು. ಆ ನಾಲ್ವರೂ ಬೇರೆ ಊರಿನಿಂದ ಬಂದ ಲಾರಿಯವರು. ಅತ್ತ ಮೇಷ್ಟ್ರಿಗೆ ಏನಾಯಿತೆಂದರೆ, ಅವರು ನಿಜವಾಗಿಯೂ ಚೇತರಿಸಿಕೊಂಡರು. ಮುದ್ದೆ ಬಿಟ್ಟು ಎಲೆಕೋಸು ತಿಂದರು, ದಿನಾ ಓಡಿದರು, ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಅವರು ಗೆಲುವಾದಷ್ಟೂ ಅಕ್ಕನ ಮೇಲಿನ ಆರೋಪ ಗಟ್ಟಿಯಾಗುತ್ತಾ ಹೋಯಿತು. “ಅವಳ ಕೈ ಊಟ ಬಿಟ್ಟು ಹದಿನೈದು ದಿನ ಆಗಿಲ್ಲ, ಮನುಷ್ಯ ಹೆಂಗಾಗಿದಾನೆ ನೋಡು,” ಎಂದು ಜನ ಒಬ್ಬರಿಗೊಬ್ಬರು ತೋರಿಸಿದರು. ಓಡುವಾಗ ಚಪ್ಪಾಳೆ ತಟ್ಟಿದರು. ಚರ್ಚಿನ ಹೆಂಗಸರು ತಡೆದು ನಿಲ್ಲಿಸಿ, “ದೇವರು ನಿಮ್ಮನ್ನ ಬಿಡಿಸಿದ,” ಎಂದು ತಲೆಯ ಮೇಲೆ ಕೈಯಿಟ್ಟರು.

ಮೇಷ್ಟ್ರು ಇದೆಲ್ಲ ತಮ್ಮ ಓಟಕ್ಕೆ ಸಿಕ್ಕ ಗೌರವವೆಂದು ತಿಳಿದರು. ಹನ್ನೊಂದು ಗಂಟೆಯ ಓಟ ಎಂಟಕ್ಕೆ ಬಂತು, ಸರ್ಕಲ್ಲಿಗೆ ಒಂದು ಸುತ್ತಿನ ಬದಲು ಮೂರು ಸುತ್ತು. ನನ್ನಂಗಡಿಗೆ ಬಂದು ಸೊಂಟ ಅಳೆಸಿಕೊಂಡರು. ನಲವತ್ತೆರಡು.

“ನಮ್ಮ ಜನ ಎಷ್ಟು ಒಳ್ಳೆಯವರು ಬೋಟ್ವೆ. ಜಿಲ್ಲೆಗೆ ಎರಡನೆಯವನಾಗಿ ಬಂದಾಗ್ಲೂ ಹೀಗೆ ಹುರಿದುಂಬಿಸಿರಲಿಲ್ಲ. ನಿನ್ನೆ ಒಬ್ಳು ಅಜ್ಜಿ ನನ್ನ ನೋಡಿ ಅತ್ತೇಬಿಟ್ಳು.”

“ಹೌದಾ ಮೇಷ್ಟ್ರೇ.”

“ಇಷ್ಟು ಜನ ನೋಡ್ತಿರುವಾಗ ಬಿಡೋದಾದ್ರೂ ಹೇಗೆ?”

ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅವರು ನಾಲ್ಕನೆಯ ಚಡ್ಡಿಗೆ ಬಟ್ಟೆ ತಂದಿದ್ದರು. ಅಲ್ಲದೆ ಎರಡು ವರ್ಷದಲ್ಲಿ ಮೊದಲ ಸಲ ಅವರು ನಗುವುದನ್ನು ನೋಡಿದ್ದೆ. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿತೆಂದು ಕೇಳಬೇಡಿ.

ಮರುದಿನ ಸೆರ್ವಾ ರಸ್ತೆ ದಾಟಿ ನನ್ನಲ್ಲಿಗೆ ಬಂದಳು. ಕೂರಲಿಲ್ಲ.

“ಬೋಟ್ವೆ, ನೀನೂ ಮೂರು ದಿನದಿಂದ ಊಟಕ್ಕೆ ಬಂದಿಲ್ಲ.”

“ಹೊಟ್ಟೆ ಸರಿಯಿಲ್ಲ ಸೆರ್ವಾ.”

“ನನ್ನ ತಮ್ಮನ ಹೊಟ್ಟೆ ಸರಿಯಿಲ್ಲ. ಡಾಬೋ ಹೊಟ್ಟೆ ಸರಿಯಿಲ್ಲ. ಈ ಓಣೀಲಿ ಎಲ್ಲರ ಹೊಟ್ಟೇನೂ ಒಂದೇ ವಾರದಲ್ಲಿ ಕೆಟ್ಟಿದೆ. ಹದಿನೆಂಟು ವರ್ಷ ಬಡಿಸಿದೀನಿ, ಒಬ್ರಿಗೂ ಒಂದು ದಿನ ಹೊಟ್ಟೆ ನೋವು ಬಂದಿರಲಿಲ್ಲ.”

ನನಗೆ ನಾಚಿಕೆಯಾಯಿತು. ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿಕೊಂಡೆ.

“ಇವತ್ತು ಮೂರು ಪಾತ್ರೆ ಸಾರು ಚೆಲ್ಲಿದೆ. ಹಿಂಗೇ ಆದ್ರೆ ಈ ತಿಂಗಳಿಗೆ ಚಪ್ಪರ ಮುಚ್ಚಬೇಕು. ಚಪ್ಪರ ಹಾಳಾಗಿ ಹೋಗ್ಲಿ, ಹೆಸರು? ನ್ಯಾರ್ಕೋ ಮಾವನ ಹತ್ರ ಹೇಳಿ ಬಂದಿದೀನಿ. ಭಾನುವಾರ ಪಂಚಾಯ್ತಿ. ನೀನು ಅಳತೆ ಪುಸ್ತಕ ತಗೊಂಡು ಬಾ.”

ನ್ಯಾರ್ಕೋ ಮಾವ ಎಂದರೆ ಈ ಅಕ್ಕ ತಮ್ಮಂದಿರ ತಾಯಿಯ ಅಣ್ಣ, ಆ ಕುಟುಂಬದ ಯಜಮಾನರು, ಎಂಬತ್ತು ದಾಟಿದವರು. ಪಂಚಾಯ್ತಿಯಲ್ಲಿ ಅವರ ಜೊತೆ ಯಾರೂ ನೇರವಾಗಿ ಮಾತಾಡುವಂತಿಲ್ಲ. ಪಕ್ಕದಲ್ಲಿ ಕೋಲು ಹಿಡಿದ ಮಾತುಗಾರ ಇರುತ್ತಾನೆ. ನಾವು ಅವನಿಗೆ ಹೇಳಬೇಕು, ಅವನು ಚಂದ ಮಾಡಿ ಯಜಮಾನರಿಗೆ ಮುಟ್ಟಿಸಬೇಕು. ಯಜಮಾನರು ಎರಡು ಮೊಳ ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರೂ ಕೇಳಿಸಿಕೊಳ್ಳದವರಂತೆ ಕಾಯುತ್ತಾರೆ.

ಮೇಷ್ಟ್ರು ಓಟದ ಚಡ್ಡಿಯಲ್ಲೇ ಬಂದರು. ತಮ್ಮ ಆರೋಗ್ಯಕ್ಕೆ ಕುಟುಂಬ ಏನೋ ಸನ್ಮಾನ ಇಟ್ಟುಕೊಂಡಿದೆ ಎಂದು ಅವರು ಭಾವಿಸಿದ್ದರೆಂದು ಕಾಣುತ್ತದೆ. ಸೆರ್ವಾ ಎದ್ದು, ತಮ್ಮ ರಸ್ತೆ ದಾಟಿದ್ದು, ಮೂಗು ಮುಚ್ಚಿದ್ದು, ತಿಂದರೆ ಉಳಿಯಲ್ಲ ಎಂದದ್ದು ಒಂದೊಂದಾಗಿ ಹೇಳಿದಳು. ಕೊನೆಗೆ, “ನನ್ನನ್ನ ಏನು ಅಂತ ಕರೀತಿದಾನೋ ಅದನ್ನ ಇಲ್ಲಿ ಬಾಯಿ ಬಿಟ್ಟು ಹೇಳ್ಲಿ,” ಎಂದು ಕೂತಳು.

ಮೇಷ್ಟ್ರ ಬಾಯಿ ತೆರೆದೇ ಇತ್ತು. “ಅಯ್ಯೋ ಅಕ್ಕ, ಇದೇನು, ನಂಗೇನೂ ತಲೆಬುಡ ಅರ್ಥ ಆಗ್ತಿಲ್ಲ.”

ಮಾತುಗಾರ ಯಜಮಾನರ ಕಡೆ ಬಾಗಿ, “ಈ ವಿಷಯವು ತಮ್ಮ ಅಲ್ಪ ಜ್ಞಾನಕ್ಕೆ ನಿಲುಕುವುದಿಲ್ಲವೆಂದು ಮೇಷ್ಟ್ರು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತಾರೆ,” ಎಂದ.

“ನಾನು ಡಾಕ್ಟರ್ ಹೇಳಿದ್ದು ಮಾಡಿದೆ ಅಷ್ಟೆ. ಚೀಟಿ ಇದೆ.”

ಚೀಟಿ ಯಜಮಾನರ ಕೈಗೆ ಹೋಯಿತು. ಅವರು ಅದನ್ನು ಬಿಸಿಲಿಗೆ ಹಿಡಿದು ಓದಿ, ಮಾತುಗಾರನಿಗೆ ಕೊಟ್ಟರು. “ಮುದ್ದೆ ಕಡಿಮೆ ಮಾಡು ಅಂತ ಇದೆ. ಅಕ್ಕನನ್ನ ಕಂಡ್ರೆ ರಸ್ತೆ ದಾಟು ಅಂತ ಎಲ್ಲಿದೆ ಕೇಳು.”

“ವಾಸನೆ ಬಂದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ, ಮಾವನಿಗೆ ಹೇಳಪ್ಪ. ಇಡೀ ಪಟ್ಟಣದಲ್ಲಿ ಹಂಗೆ ಯಾರು ಮಾಡ್ತಾರೆ ಸಾರು? ನಿಂತ್ರೆ ತಿಂತೀನಿ, ತಿಂದ್ರೆ ಮಲಗ್ತೀನಿ, ಮಲಗಿದ್ರೆ ಮತ್ತೆ ಏಳಲ್ಲ. ಅದಕ್ಕೇ ಓಡಿದೆ.”

ಮಾತುಗಾರ ಇದನ್ನು ಚಂದ ಮಾಡಲು ನೋಡಿ, ಸಾಧ್ಯವಾಗದೆ ಹಾಗೇ ಹೇಳಿದ. ಸೆರ್ವಾ ಮುಖ ಅತ್ತ ತಿರುಗಿಸಿದಳು.

ಆಮೇಲೆ ನನ್ನ ಸಾಕ್ಷಿ. ಅಂಕಿಗಳನ್ನು ಓದಿದೆ. ಅಕ್ಕನ ಊಟ ಇದ್ದಾಗ ನಲವತ್ತನಾಲ್ಕು, ಬಿಟ್ಟ ಮೇಲೆ ನಲವತ್ತೆರಡು. ಮಾಟಗಾತಿಯ ಊಟ ತಿಂದವರು ಸೊರಗಬೇಕು, ಇವರು ಊದಿದ್ದಾರೆ ಎಂದು ಸೆರ್ವಾಳ ಕಡೆಯವರು ಗುಜುಗುಜು ಎಂದರು. ಊದುವುದೂ ಒಂದು ಬಗೆಯ ಮಾಟವೇ ಎಂದು ಹಿಂದಿನಿಂದ ಅಫ್ರಾಕೋಮಾಳ ಧ್ವನಿ ಬಂತು. ಅವಳನ್ನು ಯಾರೂ ಕರೆದಿರಲಿಲ್ಲ.

ಯಜಮಾನರು ತೀರ್ಪು ಕೊಟ್ಟರು. “ಓಣಿಯ ಎದುರು ಆದ ಅವಮಾನ ಓಣಿಯ ಎದುರೇ ಹೋಗ್ಬೇಕು. ನಾಳೆ ಮಧ್ಯಾಹ್ನ ಅವನು ಅವಳ ಚಪ್ಪರದಲ್ಲಿ ಎಲ್ಲರ ಮುಂದೆ ಒಂದು ಪೂರ್ತಿ ಮುದ್ದೆ ತಿನ್ಬೇಕು. ತಿಂದದ್ದು ನೋಡಿದ್ರೆ ಸಾಲದು, ತಿಂದು ಬದುಕುಳಿದದ್ದನ್ನೂ ಜನ ನೋಡ್ಬೇಕು. ಅದಕ್ಕೆ ಮಾರನೇ ದಿನ ಅದೇ ಚಪ್ಪರದ ಮುಂದೆ, ಅದೇ ಬದಿಯಲ್ಲಿ ಓಡ್ಬೇಕು.”

ಸೋಮವಾರ ಮಧ್ಯಾಹ್ನ ಓಣಿಯಲ್ಲಿ ಒಂದೇ ಒಂದು ಅಂಗಡಿಯೂ ತೆರೆದಿರಲಿಲ್ಲ, ನನ್ನದೂ ಸೇರಿ. ಮೇಷ್ಟ್ರು ನಡುವಿನ ಬೆಂಚಿನಲ್ಲಿ ಕೂತರು. ಸೆರ್ವಾ ಮುದ್ದೆ ಇಟ್ಟಳು. ಸೇಡಿಗೋ ಪ್ರೀತಿಗೋ, ಅದು ಎಂದಿಗಿಂತ ದೊಡ್ಡದಾಗಿತ್ತು. ಮೇಷ್ಟ್ರು ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದರು. ಆಮೇಲೆ ನಿಲ್ಲಲೇ ಇಲ್ಲ. ಸಾರಿನ ಬಟ್ಟಲನ್ನು ಎತ್ತಿ ಕುಡಿದರು. ಎಲ್ಲ ಮುಗಿಸಿ, ಕೈ ತೊಳೆದು, ಕಂಬಕ್ಕೆ ಒರಗಿ, ಹಾಗೇ ವಾಲಿ ಬೆಂಚಿನ ಮೇಲೆ ಬಿದ್ದರು.

ಡಾಬೋ ತನ್ನ ಟೋಪಿ ತೆಗೆದ. ಅಫ್ರಾಕೋಮಾ, “ನಾನು ಹೇಳಿರ್ಲಿಲ್ವಾ,” ಎಂದಳು. ಸೆರ್ವಾ ಸೌಟನ್ನು ಬಿಸಾಕಿ ಬಂದು ತಮ್ಮನ ಕೆನ್ನೆಗೆ ಪಟಾರನೆ ಹೊಡೆದಳು. ಉತ್ತರವಾಗಿ ಒಂದು ದೊಡ್ಡ ಗೊರಕೆ ಬಂತು. ಎರಡು ವರ್ಷದಿಂದ ನಿದ್ದೆ ಕೆಟ್ಟಿದ್ದ ಮನುಷ್ಯ ಸಂಜೆ ಐದರ ತನಕ ಆ ಬೆಂಚಿನಲ್ಲೇ ಮಲಗಿದ್ದ. ಜನ ಪಾಳಿ ಹಾಕಿಕೊಂಡು ಉಸಿರು ನೋಡಿದರು.

ಮಂಗಳವಾರ ಬೆಳಗ್ಗೆ ಮೇಷ್ಟ್ರು ಚಪ್ಪರದ ಮುಂದೆ ಓಡಿದರು. ಡಾಬೋ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಕೈ ತೊಳೆದು ಕೂತ. ಅವನ ಹಿಂದೆ ಉಳಿದವರೂ ಕೂತರು, ಅವರ ಹಿಂದೆ ನಾನೂ. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಮ್ಮ ಓಣಿಯವರು ಒಮ್ಮೆ ಹಿಡಿದ ಎಚ್ಚರಿಕೆಯನ್ನು ಸುಮ್ಮನೆ ಬಿಡುವವರಲ್ಲ. ಬುಧವಾರವೂ ಮೇಷ್ಟ್ರು ಓಡಿದ್ದನ್ನು ನೋಡಿಯೇ ಕೈ ತೊಳೆದರು. ಗುರುವಾರವೂ. ಮೇಷ್ಟ್ರು ಮಧ್ಯಾಹ್ನ ತಿನ್ನಬೇಕು, ಮಾರನೇ ಬೆಳಗ್ಗೆ ಓಡಬೇಕು, ಆಮೇಲೆ ಉಳಿದವರ ಊಟ. ಸೆರ್ವಾ ಡಾಕ್ಟರ ಚೀಟಿ ನೆನೆದು ಮುದ್ದೆಯನ್ನು ಯಾರಿಗೂ ಕಾಣದ ಹಾಗೆ ದಿನಕ್ಕೊಂದು ಬೆರಳು ಸಣ್ಣದು ಮಾಡುತ್ತಾ ಬಂದಳು, ಸಾರಿಗೆ ಸೊಪ್ಪು ಸುರಿದಳು. ಎರಡು ತಿಂಗಳು ಹೀಗೇ ನಡೆಯಿತು. ಓಡಲು ಮನಸ್ಸಿಲ್ಲ ಎನ್ನುವ ಸವಲತ್ತು ಮೇಷ್ಟ್ರಿಗೆ ಉಳಿಯಲಿಲ್ಲ.

ಅಷ್ಟರಲ್ಲಿ ರಜೆ ಮುಗಿಯುತ್ತಾ ಬಂತು. ಶಾಲೆಯಿಂದ ಪತ್ರ ಬಂತು. ಸೋಮವಾರ ಬರುವಾಗ ಎರಡೂ ಪಾಳಿಯ ಹೊಸ ವೇಳಾಪಟ್ಟಿ ತನ್ನಿ ಎಂದು. ಪತ್ರ ಬಂದದ್ದು ಗುರುವಾರ. ಶುಕ್ರವಾರ ಬೆಳಗ್ಗೆ ಮೇಷ್ಟ್ರು ಓಡಲು ಬರಲಿಲ್ಲ.

ಒಂಬತ್ತಾಯಿತು, ಹತ್ತಾಯಿತು, ಹನ್ನೊಂದೂ ದಾಟಿತು. ಸಾರು ಕುದಿದು ಕುದಿದು ತಳ ಸೇರಿತು. ಬೆಂಚಿನ ಮೇಲೆ ಜನ ಕೈ ತೊಳೆಯದೆ ಕೂತಿದ್ದರು. ಅಫ್ರಾಕೋಮಾ ಏನೂ ಹೇಳಲಿಲ್ಲ, ಅದು ಇನ್ನೂ ಭಯ ಹುಟ್ಟಿಸುವಂತಿತ್ತು. ಸೆರ್ವಾ ಅವರನ್ನೆಲ್ಲ ಒಮ್ಮೆ ನೋಡಿದಳು. ಮರುಕ್ಷಣ ಸೊಂಟಕ್ಕೆ ಸುತ್ತಿದ ಉದ್ದ ಬಟ್ಟೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ರಸ್ತೆಗಿಳಿದು ಓಡಿದಳು. ಆ ದೇಹ ಮೂವತ್ತು ವರ್ಷದಲ್ಲಿ ಓಡಿದ್ದನ್ನು ಯಾರೂ ನೋಡಿರಲಿಲ್ಲ. ನಾನು ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಅವಳ ಹಿಂದೆ ಓಡಿದೆ.

ಮೇಷ್ಟ್ರು ಮಂಚದ ಅಂಚಿನಲ್ಲಿ, ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಪತ್ರ.

“ಏಳಕ್ಕೆ ಆಗ್ತಿಲ್ಲ ಅಕ್ಕ. ನೀನು ಕಾಯ್ತಿದೀಯ ಅಂತ ಗೊತ್ತು. ಆದ್ರೂ ಆಗ್ತಿಲ್ಲ.”

ಸೆರ್ವಾ ಏದುಸಿರು ಬಿಡುತ್ತಾ ಅವರ ಪಕ್ಕ ಕೂತಳು. ಮಂಚ ಕಿರುಗುಟ್ಟಿತು. “ಆಗದಿದ್ರೆ ಮಲಕ್ಕೋ. ಇವತ್ತು ಚಪ್ಪರ ಮುಚ್ತೀನಿ.”

“ಜನ ಏನಂತಾರೆ?”

“ಅಂದದ್ದೇ ಅಂತಾರೆ.” ಅವಳು ತಮ್ಮನ ಕಡೆ ತಿರುಗಿ ಕೇಳಿದಳು: “ನಿಜ ಹೇಳು. ನೀನೂ ಹಂಗೆ ಅಂದ್ಕೊಂಡಿದ್ಯಾ?”

ಮೇಷ್ಟ್ರು ಗಣಿತದವರು, ಸುಳ್ಳು ಹೇಳಲು ಬರುವುದಿಲ್ಲ. “ಪಂಚಾಯ್ತಿ ಆದ್ಮೇಲೆ ಎರಡು ದಿನ. ಊಟ ಬಿಟ್ಟ ಮೇಲೇ ತಾನೆ ನಾನು ಚೆನ್ನಾಗಾಗಿದ್ದು ಅನ್ನಿಸ್ತು.”

ನಾನು ಬಾಗಿಲಲ್ಲಿ ನಿಂತು, ಇನ್ನೊಂದು ಕೆನ್ನೆಗೂ ಬಿತ್ತು ಎಂದುಕೊಂಡೆ. ಸೆರ್ವಾ ತಲೆಯಾಡಿಸಿದಳು ಅಷ್ಟೆ.

“ನನಗೆ ಮೂರು ವಾರ. ಕೆಲವರಲ್ಲಿ ಮಾಟ ಅವರಿಗೇ ಗೊತ್ತಿಲ್ದೇನೇ ಇರುತ್ತಂತೆ. ನಿದ್ದೇಲಿ ಎದ್ದು ಹೋಗಿ ತಮ್ಮವರನ್ನೇ ತಿಂತಾರಂತೆ. ನನ್ನ ಕಾಲನ್ನ ಮಂಚಕ್ಕೆ ಹಗ್ಗದಲ್ಲಿ ಕಟ್ಕೊಂಡು ಮಲಗ್ತಿದ್ದೆ. ಮೂರು ವಾರ.”

ಮೇಷ್ಟ್ರು ಅವಳ ಕಾಲಿನ ಕಡೆ ನೋಡಿದರು. ಹಗ್ಗ ಕಟ್ಟಿದ್ದ ಕಡೆ ಚರ್ಮ ಇನ್ನೂ ಕಪ್ಪಾಗಿತ್ತು. ಅವರು ಪತ್ರವನ್ನು ಹಿಂದೆ ತಿರುಗಿಸಿ, ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ ಕೇಳಿ ಪಡೆದು, ‘ಒಂದು ಪಾಳಿಯ ಪಟ್ಟಿ ಮಾತ್ರ ಮಾಡುತ್ತೇನೆ’ ಎಂದು ಬರೆದರು. ಇನ್ನೊಂದು ಬೂಟು ಹಾಕಿಕೊಂಡರು.

ವಾಪಸು ಬರುವಾಗ ಯಾರೂ ಓಡಲಿಲ್ಲ. ಸೆರ್ವಾಳಿಗೆ ಶಕ್ತಿ ಇರಲಿಲ್ಲ, ಮೇಷ್ಟ್ರು ಅವಳ ತೋಳು ಹಿಡಿದು ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. ಚಪ್ಪರ ತಲುಪಿದಾಗ ಡಾಬೋ ಇಬ್ಬರನ್ನೂ ನೋಡಿ, “ಇಬ್ರೂ ಉಸಿರಾಡ್ತಿದಾರೆ, ನೀರು ತನ್ನಿ,” ಎಂದ. ಎಲ್ಲರೂ ಕೈ ತೊಳೆದರು. ಸೆರ್ವಾ ಗಿರಾಕಿಗಳ ಬೆಂಚಿನಲ್ಲೇ ಕುಸಿದು ಕೂತಳು. ಆ ದಿನ ಮೇಷ್ಟ್ರೇ ಸೌಟು ಹಿಡಿದರು. ಮೊದಲ ಮುದ್ದೆಯನ್ನು, ದೊಡ್ಡದನ್ನೇ ಆರಿಸಿ, ಅಕ್ಕನ ಮುಂದೆ ಇಟ್ಟರು.

ಓಡಿ ದಣಿದ ಹೊಟ್ಟೆ ಅವಳದು. ಬಟ್ಟಲನ್ನು ಆಚೆ ಸರಿಸುತ್ತಾ, “ಬೇಡ ಕಣೋ, ಈಗ ತಿನ್ನಕ್ಕಾಗಲ್ಲ,” ಎಂದಳು.

ಡಾಬೋನ ಕೈ ಗಾಳಿಯಲ್ಲೇ ನಿಂತಿತು. ಅಫ್ರಾಕೋಮಾ ಗೂಡಂಗಡಿಯಿಂದ ಕತ್ತು ಹೊರಗೆ ಹಾಕಿದಳು. ಸೆರ್ವಾ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು, ಕೊನೆಗೆ ಸೌಟು ಹಿಡಿದು ನಿಂತ ತಮ್ಮನನ್ನು ನೋಡಿದಳು. ಬಟ್ಟಲನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.

“ಹಾಕು,” ಎಂದಳು, “ಇನ್ನೊಂದೂ ಹಾಕು.”